ತೊಟ್ಟಿಲ ಗೆರೆಯ ಮರಳುದಾರಿ

ಅಕ್ಕನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದ ಮೇಲೆ ಅವಳ ಲೋಕ ಇಳಕಲ್ಲಿನ ಮನೆಯ ಒಂದು ಮಂಚದಷ್ಟಾಯಿತು. ಸಕ್ಕರೆ ಕಾಯಿಲೆ ಕಾಲಿಗೇ ನಿಲ್ಲಲಿಲ್ಲ, ಕಣ್ಣಿಗೂ ಏರಿತು. ಬಾಗಲಕೋಟೆಯಲ್ಲಿ ಕಣ್ಣಿಗೆ ಇಂಜೆಕ್ಷನ್ ಮಾಡಿಸಿಕೊಂಡು ಬರುವಾಗ ಅವಳು ನನ್ನನ್ನು ಕೇಳಿದ್ದು ಒಂದೇ ಮಾತು.

"ಕುಬಸದ ಸೀರಿ ಮುಗಿಯೂತನಾ ಈ ಕಣ್ಣು ತಡೀತಾವೇನು?"

ಬಾದಾಮಿಗೆ ಕೊಟ್ಟ ಅವಳ ಮಗಳು ಬಸುರಿಯಾಗಿದ್ದಳು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನಿಂದ ಹಸಿರು ಸೀರೆ ಹೋಗಬೇಕು. ಸೀರೆಯನ್ನು ಭಾವ ತಮ್ಮ ಮಗ್ಗದಲ್ಲೇ ನೇಯ್ದಿದ್ದರು. ಸೆರಗಿನ ಮೇಲೆ ತೊಟ್ಟಿಲುಗಳ ಸಾಲನ್ನು ತಾನೇ ಕಸೂತಿ ಹಾಕುತ್ತೇನೆಂದು ಅಕ್ಕ ಹಟ ಹಿಡಿದಿದ್ದಳು. ಬೇರೆಯವರಿಂದ ಹಾಕಿಸಿದರಾಯಿತು ಎಂದು ನಾನು ಒಮ್ಮೆ ಅಂದು ಚೆನ್ನಾಗಿ ಬೈಸಿಕೊಂಡೆ.

ಅವಳು ಹಾಕುತ್ತಿದ್ದ ಗವಂತಿ ಹೊಲಿಗೆಯಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸುತ್ತ, ಒಂದು ಹೊಲಿಗೆಯಷ್ಟು ಜಾಗ ಬಿಟ್ಟು ಬಿಟ್ಟು ಗೆರೆಯ ತುದಿಯವರೆಗೆ ಹೋಗಬೇಕು. ತಿರುಗಿ ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಬಂದು ಸೇರಬೇಕು. ಆಗ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತವೆ. ನಾನು ಹುನಗುಂದದಲ್ಲಿ ಕಂಪ್ಯೂಟರ್ ಕಲಿಸುವವಳು. ಸೂಜಿ ಹಿಡಿದರೆ ನನ್ನ ಬೆರಳಿಗೇ ಚುಚ್ಚಿಕೊಳ್ಳುತ್ತೇನೆ. ಆದರೂ ಈ ಹೋಗಿಬರುವ ಲೆಕ್ಕ ನನಗೆ ಬಲು ಹಿಡಿಸಿತ್ತು. ಚಿತ್ರ ಕೊಟ್ಟರೆ ಎಲ್ಲಿ ಹೊರಟು ಎಲ್ಲಿ ತಿರುಗಬೇಕೆಂದು ತೋರಿಸುವ ಪ್ರೋಗ್ರಾಮನ್ನು ಪೈಥಾನ್‌ನಲ್ಲಿ ಬರೆದು ಮನೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದೆ. ಅಕ್ಕ ನಕ್ಕಿದ್ದಳು. "ನನ್ನ ಬೆರಳಾಗ ಇದ್ದದ್ದಕ್ಕ ನಿನಗ ಇಷ್ಟು ದೊಡ್ಡ ಪೆಟಗಿ ಬೇಕಾತು ನೋಡು."

ಈಗ ಅದೇ ಬೇಕಾಯಿತು. ಕೊರಳಿಗೆ ಭೂತಕನ್ನಡಿ ಕಟ್ಟಿಕೊಂಡರೆ ಅವಳಿಗೆ ಎಳೆ ಕಾಣುತ್ತಿತ್ತು. ಆದರೆ ಕಣ್ಣೆತ್ತಿ ಚಿತ್ರ ನೋಡಿ ಮತ್ತೆ ಬಟ್ಟೆಗೆ ಬರುವಷ್ಟರಲ್ಲಿ ಜಾಗ ತಪ್ಪುತ್ತಿತ್ತು. ಮುಂದಿನ ಹೊಲಿಗೆ ಯಾವ ಕಡೆಗೆ ಎಂದು ಯಾರಾದರೂ ಬಾಯಲ್ಲಿ ಹೇಳಬೇಕು. ಮಂಚದ ಮೇಲೆ ಕಂಪ್ಯೂಟರ್ ಇಡಲಾಗದು, ನನ್ನ ಟ್ಯಾಬ್ಲೆಟ್ ಇಡಬಹುದು.

ಹಾಳಾದ್ದು, ಆ ಟ್ಯಾಬ್ಲೆಟ್ ನನ್ನ ತಲೆ ತಿಂದುಬಿಟ್ಟಿತು. ಪೈಥಾನ್ ಓಡಿಸುವ ಆ್ಯಪ್ ಏನೋ ಸಿಕ್ಕಿತು, ಆದರೆ ಚಿತ್ರ ಬಿಡಿಸುವ ಭಾಗ ಅದರಲ್ಲಿ ಏಳಲೇ ಇಲ್ಲ. ಮನೆಯಲ್ಲಿ ಸ್ಪೇಸ್‌ಬಾರ್ ಒತ್ತಿದರೆ ಮುಂದಿನ ಹೊಲಿಗೆ ಬರುತ್ತಿತ್ತು. ಇಲ್ಲಿ ಕೀಲಿಮಣೆ ಎದ್ದು ಅರ್ಧ ಪರದೆ ನುಂಗುತ್ತಿತ್ತು. ಪರದೆ ಆರಿದರೆ ಪ್ರೋಗ್ರಾಮೂ ಸಾಯುತ್ತಿತ್ತು. ಇದನ್ನು ಮಾಡಿದವರಿಗೆ ಮನುಷ್ಯರು ಸಿನಿಮಾ ನೋಡುವುದು ಬಿಟ್ಟು ಬೇರೆ ಕೆಲಸವನ್ನೂ ಮಾಡುತ್ತಾರೆಂಬ ಅಂದಾಜೇ ಇದ್ದಂತಿಲ್ಲ. ಬೈಯುತ್ತ ಬೈಯುತ್ತ ಅರ್ಧಕ್ಕರ್ಧ ಹೊಸದಾಗಿ ಬರೆದೆ. ಪರದೆ ಆರದಂತೆ ಮಾಡಿದೆ, ನಿಂತ ಜಾಗವನ್ನು ನೆನಪಿಡುವಂತೆ ಮಾಡಿದೆ, ಎಲ್ಲಿ ಮುಟ್ಟಿದರೂ ಮುಂದಿನ ಹೊಲಿಗೆ ಹೇಳುವಂತೆ ಮಾಡಿದೆ.

ಹೇಳುವ ದನಿಗಾಗಿ ನನ್ನದನ್ನೇ ರೆಕಾರ್ಡ್ ಮಾಡಿ ಕೇಳಿಸಿದರೆ ಅಕ್ಕ ಮುಖ ಸಿಂಡರಿಸಿದಳು. "ಸಾಲಿ ಟೀಚರ ಗತೆ ಬಡಕೋತೀದಿ. ನಾನ ಹೇಳ್ತೇನಿ ತಗೊ." ಮಂಚದ ಮೇಲೆ ಒರಗಿಕೊಂಡು ಒಂದೊಂದೇ ಹೇಳಿದಳು: ಮ್ಯಾಲ, ಕೆಳಗ, ಎಡಕ್ಕ, ಬಲಕ್ಕ, ತಿರುಗು. ಕೊನೆಗೆ 'ಮುಗೀತು' ಅಂತಲೂ ಒಂದು ಹೇಳಿಬಿಡು ಎಂದೆ.

"ಅದೇನ್ ಬ್ಯಾಡ. ಮುಗದದ್ದು ನನಗ ತಿಳೀತದ."

ಟ್ಯಾಬ್ಲೆಟ್ಟನ್ನು ಅವಳ ಹತ್ತಿರವೇ ಬಿಟ್ಟು ಬಂದ ಮೊದಲ ವಾರವೇ ಒಂದು ತೊಟ್ಟಿಲು ವಾರೆಯಾಯಿತು. ದಾರ ಹೊರಟಲ್ಲಿಗೆ ಬರಲೇ ಇಲ್ಲ. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಸೋತು, ಅವಳು ಹೇಗೆ ಹೊಲಿಯುತ್ತಾಳೆ ನೋಡೋಣವೆಂದು ಇಳಕಲ್ಲಿಗೆ ಹೋದೆ. ಅಕ್ಕ ಟ್ಯಾಬ್ಲೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಮೇಲೇ ಸೆರಗು ಹಾಸಿಕೊಂಡಿದ್ದಳು. ಕೆಳಗಿನಿಂದ ಬೆಳಕು ಬಂದರೆ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತವಂತೆ. ಹೊಲಿಗೆ ತಪ್ಪದಿರಲೆಂದು ಹೆಬ್ಬೆರಳನ್ನು ಬಟ್ಟೆಯ ಮೇಲೆ ಒತ್ತಿ ಹಿಡಿಯುವುದು ಅವಳ ಹಳೆಯ ರೂಢಿ. ಒತ್ತಿದಾಗೊಮ್ಮೆ ಬಟ್ಟೆಯಡಿಯ ಪರದೆ ಒಂದು ಹೊಲಿಗೆ ಮುಂದೆ ಹಾರುತ್ತಿತ್ತು. ತನ್ನದೇ ದನಿಯನ್ನು ನಂಬಿಕೊಂಡು ಅವಳು ತಪ್ಪು ದಾರಿಯಲ್ಲಿ ಹೋಗಿದ್ದಳು.

ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆಮೇಲೆ ಅವಳು ಆ ತೊಟ್ಟಿಲನ್ನು ಬಿಚ್ಚಲು ಕೂತಾಗ ನನಗೆ ನಗು ಉಳಿಯಲಿಲ್ಲ. ಬಿಚ್ಚುವುದಕ್ಕೂ ಆ ಕಣ್ಣೇ ಖರ್ಚಾಗಬೇಕಿತ್ತು. ಪರದೆಯ ಒಂದು ಮೂಲೆಯಲ್ಲಿ ಮುಟ್ಟಿದರೆ ಮಾತ್ರ ಮಾತಾಡುವಂತೆ ಅಲ್ಲೇ ಕೂತು ತಿದ್ದಿಕೊಟ್ಟೆ.

ಕುಬಸಕ್ಕೆ ಕೆಲವೇ ದಿನವಿದ್ದಾಗ ಒಂದು ಮುಂಜಾನೆ ಭಾವ ಚಹಾ ತೆಗೆದುಕೊಂಡು ಹೋಗಿ ಎಬ್ಬಿಸಿದರೆ ಅಕ್ಕ ಏಳಲಿಲ್ಲ. ಬಸುರಿಯಾದವಳು ಹೆಣ ನೋಡಬಾರದೆಂದು ಹಿರಿಯರು ಮಗಳನ್ನು ಬಾದಾಮಿಯಲ್ಲೇ ತಡೆದರು. ಲಿಂಗ ಕಟ್ಟಿದ ನಮಗೆ ಸೂತಕವಿಲ್ಲ ಎಂದು ಎದೆ ತಟ್ಟಿ ಹೇಳುವ ಜನಕ್ಕೆ ಇದೊಂದು ಎಲ್ಲಿಂದ ನೆನಪಾಯಿತೋ! ಮಣ್ಣು ಮಾಡಿ ಬಂದ ಮೇಲೂ ನನ್ನ ಸಿಟ್ಟು ಇಳಿದಿರಲಿಲ್ಲ. ಕುಬಸವನ್ನು ಮಾತ್ರ ಮುಂದೂಡಬಾರದೆಂದು ಎಲ್ಲರೂ ಒಪ್ಪಿದರು.

ಭಾವ ಸೀರೆಯನ್ನೂ ಟ್ಯಾಬ್ಲೆಟ್ಟನ್ನೂ ತಂದು ನನ್ನ ಮುಂದಿಟ್ಟರು. "ಹೊರಗಿನವ್ರ ಕೈಗೆ ಕೊಡೂದು ಬ್ಯಾಡ ಅಂತಿದ್ಲವಾ. ನೀನ ಮುಗಸು."

ಕೊನೆಯ ತೊಟ್ಟಿಲೊಂದೇ ಬಾಕಿ ಇತ್ತು. ಹೋಗುವ ದಾರಿಯನ್ನು ಅಕ್ಕ ಪೂರ್ತಿ ಮುಗಿಸಿದ್ದಳು. ಸೂಜಿ ಇನ್ನೂ ಬಟ್ಟೆಯಲ್ಲೇ ಇತ್ತು. ಕಿಟಕಿಯ ಹತ್ತಿರ ಕೂತು ಟ್ಯಾಬ್ಲೆಟ್ಟಿನ ಮೂಲೆಯಲ್ಲಿ ಮುಟ್ಟಿದೆ.

"ತಿರುಗು," ಅಂದಳು ಅಕ್ಕ.

ಅವತ್ತಿನವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು. ಅತ್ತು ಮುಗಿಸಿ, ಕಣ್ಣೊರೆಸಿಕೊಂಡು ಸೂಜಿ ಹಿಡಿದೆ. ಎಡಕ್ಕ. ಎಡಕ್ಕ. ಕೆಳಗ. ಅವಳು ಬಿಟ್ಟ ಪ್ರತಿಯೊಂದು ಜಾಗದಲ್ಲಿ ನನ್ನದೊಂದು ಹೊಲಿಗೆ ಬಿತ್ತು. ಅವಳದು ನೆಟ್ಟಗೆ, ನನ್ನದು ಸೊಟ್ಟಗೆ. ಬೆರಳಿಗೆ ಚುಚ್ಚಿಕೊಂಡಾಗ ಬಾಯಲ್ಲಿಟ್ಟುಕೊಂಡೆ, ಬಟ್ಟೆಗೆ ತಾಕಿಸಲಿಲ್ಲ. ಸಂಜೆಯಾಗುವಷ್ಟರಲ್ಲಿ ದಾರ ಹೊರಟಲ್ಲಿಗೇ ಬಂದು ಸೇರಿತು.

ಮೂಲೆಯಲ್ಲಿ ಮತ್ತೆ ಮುಟ್ಟಿದೆ. ಏನೂ ಹೇಳಲಿಲ್ಲ. ಅಕ್ಕನಿಗಾದರೆ ಮುಗಿದದ್ದು ತಿಳಿಯುತ್ತಿತ್ತು. ನಾನು ಮತ್ತೆ ಮತ್ತೆ ಮುಟ್ಟುತ್ತ ಕೂತೆ.