ಬ್ಲೀಚಿಂಗ್ ನೀರಿನಲ್ಲಿ ಅತ್ತೆಯ ಕಾಲು

ನಮ್ಮತ್ತೆಯ ಕಾಲನ್ನು ನಾನೇ ಬಕೆಟ್ಟಿನಲ್ಲಿ ಅದ್ದಿಸಿದೆ ಎಂದರೆ ಮೊಮ್ಮಕ್ಕಳು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ಅದ್ದಿಸಿದ್ದಂತೂ ನಿಜ.

ಹೊಂಗನೂರಿಗೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ರೇಷ್ಮೆಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ಮೇಲೆ ಹುಳು ಸಾಕಿದ ಮನೆಯನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಮುಂದಿನ ಬೆಳೆಗೆ ರೋಗ. ಹೊಸ ಸೊಸೆಯ ಹುರುಪು ನೋಡಿ, ಬೆಳಗಿನಿಂದ ಆ ನೀರಿನಲ್ಲೇ ಬರಿಗಾಲಲ್ಲಿ ಓಡಾಡಿದೆ. ಊಟಕ್ಕೆ ಕೂತಾಗ ನನ್ನ ಕಾಲುಂಗುರ ಇದ್ದಿಲಿನಂತೆ ಕಪ್ಪಾಗಿತ್ತು.

"ಅಯ್ಯಯ್ಯೋ, ನಿಮ್ಮ ಸೋದರಮಾವ ತಗಡು ಕೊಟ್ಟವ್ನೆ ಕಣವ್ವಾ!" ಎಂದರು ಅತ್ತೆ. "ನಾಳೆ ಬರ್ಲಿ, ಕೇಳ್ತೀನಿ." ಆಗಲೇ ಚನ್ನಪಟ್ಟಣಕ್ಕೆ ಹೊರಟವರೊಬ್ಬರ ಕೈಲಿ ಹೇಳಿಕಳಿಸಿಯೂ ಬಿಟ್ಟರು.

ಸೋದರಮಾವ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು. ಅಪ್ಪನಿಲ್ಲದ ನನ್ನನ್ನು ಸಾಕಿ, ಪಿಯುಸಿ ಓದಿಸಿ, ಆ ಬೆಳ್ಳಿಯನ್ನು ತಾವೇ ಆರಿಸಿ ತಂದಿದ್ದರು. ಅಂಥವರು ಬೀಗರ ಮನೆಯಲ್ಲಿ ಕಳ್ಳನ ಹಾಗೆ ತಲೆ ತಗ್ಗಿಸಿ ನಿಲ್ಲಬೇಕೇ? ನನಗೆ ಮೈಯೆಲ್ಲ ಉರಿದುಹೋಯಿತು.

ಕಾಲೇಜಿನ ಮೇಷ್ಟ್ರು ಬೋರ್ಡಿನ ಮೇಲೆ ತಾಮ್ರ, ಬೆಳ್ಳಿ, ಚಿನ್ನ ಮೂರನ್ನೂ ಒಂದರ ಕೆಳಗೊಂದು ಬರೆದು, ಆವರ್ತ ಕೋಷ್ಟಕದಲ್ಲಿ ಇವು ಒಂದೇ ಕುಟುಂಬ, ಆದರೆ ಗುಣ ಬೇರೆ ಬೇರೆ ಎಂದಿದ್ದರು. ಅದನ್ನೇ ಅತ್ತೆಗೆ ಹೇಳಿದೆ. "ನೋಡಿ, ಈ ನೀರು ಬಿದ್ದ ತಾಮ್ರದ ಬಿಂದಿಗೆ ಬಣ್ಣಗೆಟ್ಟೈತೆ. ಬೆಳ್ಳಿ ಕಪ್ಪಾಗೈತೆ. ಹನಿ ಸಿಡಿದ್ರೂ ಕತ್ತಿನ ಚಿನ್ನ ಮಾತ್ರ ಜಗ್ಗಿಲ್ಲ."

"ನಿನ್ ಪಿಯುಸಿ ನಿನ್ ಹತ್ರಾನೇ ಮಡಿಕ್ಕೋ."

"ನಿಮ್ದು ಅಪ್ಪಟ ಬೆಳ್ಳಿ ತಾನೇ ಅತ್ತೆ? ಹಂಗಾದ್ರೆ ಬಕೆಟ್ಟಿಗೆ ಕಾಲಿಡಿ!"

ಮುತ್ತೈದೆ ಕಾಲುಂಗುರ ಬಿಚ್ಚುವಂತಿಲ್ಲ. ಪರೀಕ್ಷೆಯಾಗಬೇಕೆಂದರೆ ಕಾಲೇ ನೀರಿಗಿಳಿಯಬೇಕು. ಅತ್ತೆಯ ಹಠ ನನ್ನ ಹಠಕ್ಕಿಂತ ಒಂದು ಕೈ ಮೇಲು. ಸೀರೆ ಎತ್ತಿ ಕಟ್ಟಿ, ಎರಡೂ ಕಾಲಿಟ್ಟು, "ಉರೀತೈತೆ ಕಣೇ" ಎಂದು ಬಯ್ಯುತ್ತಲೇ ಕೂತರು. ತೆಗೆದಾಗ ಅವರ ತವರಿನ ಬೆಳ್ಳಿಯೂ ಕಪ್ಪಾಗಿತ್ತು. ಗೆದ್ದ ಖುಷಿಗಿಂತ ನನಗೆ ಭಯವೇ ಹೆಚ್ಚಾಯಿತು. ವಿಭೂತಿಯಲ್ಲಿ ಉಜ್ಜಿಕೊಡಲೇ ಎಂದರೆ, "ಸುಮ್ಕಿರು" ಎಂದುಬಿಟ್ಟರು.

ಮರುದಿನ ಬೆಳಿಗ್ಗೆ ಮಾವ ಬಂದರು, ಮುಖ ಬಾಡಿಸಿಕೊಂಡು. ಜಗಲಿಯಲ್ಲಿ ಕೂರಲೂ ಇಲ್ಲ. ಜೇಬಿನಿಂದ ಹೊಸ ಜೊತೆ ಕಾಲುಂಗುರ ತೆಗೆದು ಎರಡೂ ಕೈಯಲ್ಲಿ ಹಿಡಿದು, "ಗೊತ್ತಾಗ್ದೆ ಮೋಸ ಹೋದ್ನೇನೋ ಅಕ್ಕಾ, ಬದಲಾಯಿಸ್ಕೊಡ್ತೀನಿ" ಎಂದರು. ನನಗೆ ಅಳು ಬಂತು.

ಅತ್ತೆ ಸೀರೆಯ ಅಂಚು ಸರಿಸಿ, ಉಜ್ಜದೆ ಹಾಗೇ ಬಿಟ್ಟಿದ್ದ ತಮ್ಮ ಕಪ್ಪು ಕಾಲುಂಗುರಗಳನ್ನು ಅವರ ಮುಂದೆ ಚಾಚಿದರು.

"ಬದಲಾಯಿಸಂಗಿದ್ರೆ ನಂದೂ ಬದಲಾಯಿಸ್ಬೇಕಾಯ್ತದೆ ಕಣಣ್ಣಾ. ತಪ್ಪು ನಂದು. ಕೈಕಾಲು ತೊಳ್ಕೊ, ಊಟ ಮಾಡೀವಂತೆ."