ದೊಡ್ಡಪ್ಪ ಹುರಿ ಹಾಕಿದ ತಂತಿ

ಸುಟ್ಟ ವಾರ್ನಿಶ್ ವಾಸನೆ ಎಲ್ಲಿಂದಾದರೂ ಬಂದರೆ ಸಾಕು, ಇಂದಿಗೂ ನಾನು ಬನಹಟ್ಟಿಯ ನಮ್ಮ ಹಳೆಯ ಮನೆಯಲ್ಲಿ ನಿಂತಿರುತ್ತೇನೆ. ನಮ್ಮೂರು ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ದಿನಗಳವು. ಪಡಸಾಲೆಯಲ್ಲಿ ಹೊಸ ವಿದ್ಯುತ್ ಮಗ್ಗ, ಗಂಜಿ ಹಾಕಿದ ನೂಲಿನ ಹುಳಿವಾಸನೆ, ಸಂಜೆತನಕ ಖಟಖಟ ಸದ್ದು. ಆ ಒಂದು ಮಗ್ಗದ ಮೇಲೆ ಇಡೀ ಮನೆ ಉಣ್ಣುತ್ತಿತ್ತು. ಅದರ ಮೋಟಾರಿಗೆ ದೊಡ್ಡಪ್ಪ ದಿನಾ ವಿಭೂತಿ ಹಚ್ಚುತ್ತಿದ್ದ. ಅಯ್ಯೋ, ಅವನ ಸಂಶಯವೋ! ಹಾಲಿನವಳು ಚರಿಗೆ ಇಳಿಸುವ ಮೊದಲೇ ನೀರು ಬೆರೆಸಿದ್ದಾಳೆಂದು ಹೇಳಿಬಿಡುತ್ತಿದ್ದ. ಬೆಲ್ಲ ಕದ್ದೆವೆಂದು ನಮ್ಮ ಬಾಯಿ ಮೂಸುತ್ತಿದ್ದ. ಎಲ್ಲರಿಗಿಂತ ಹೆಚ್ಚು ಸಂಶಯ ಜಮಖಂಡಿಯಿಂದ ಸೈಕಲ್ಲಿನಲ್ಲಿ ಬರುವ ವಾಯರ್‌ಮನ್ ಶಂಕರಪ್ಪನ ಮೇಲೆ. ಅವನು ಗೋಡೆಯ ಫ್ಯೂಜಿಗೆ ಕೂದಲೆಳೆಯಂಥ ತಂತಿ ಕಟ್ಟುತ್ತಿದ್ದ. ಅಡ್ಡನೂಲು ಒಯ್ಯುವ ಲಾಳಿ ಎಳೆಗಳಲ್ಲಿ ಸಿಕ್ಕಿಕೊಂಡು ಮಗ್ಗ ಬಿಗಿದಾಗಲೆಲ್ಲ ಅದು ಪಟ್ಟನೆ ಸುಟ್ಟು ಮೋಟಾರು ನಿಲ್ಲುತ್ತಿತ್ತು.

"ಅದು ಹರಿಯಾಕ ಐತ್ರಿ ಯಜಮಾನ್ರ. ಕರೆಂಟ್ ಹೆಚ್ಚಾತಂದ್ರ ತಂತಿ ಹೋಗಬೇಕು, ಮೋಟಾರ ಉಳೀಬೇಕು" ಎನ್ನುತ್ತಿದ್ದ ಶಂಕರಪ್ಪ. ಅವನ ಸೈಕಲ್ಲು ಓಣಿ ತಿರುಗಿದ್ದೇ ತಡ, ದೊಡ್ಡಪ್ಪ ಅಜ್ಜಿಯ ಕಡೆ ತಿರುಗುತ್ತಿದ್ದ: "ಕೇಳಿದೇನ ಬೇ ಯವ್ವಾ? ಹರಿಯೋ ಎಳಿ ಬೇಕಂತ ಹಾಕೋ ನೇಕಾರನ್ನ ಎಲ್ಲ್ಯರ ಕಂಡೀಯೇನ? ಮತ್ತ ಮತ್ತ ಬರಾಕ ಹೂಡಿದ ಆಟ ಇದು!"

ಎಳೆ ಹರಿದರೆ ನಮ್ಮ ಮನೆಯಲ್ಲಿ ನಾಚಿಕೆ. ಸೋತ ಎಳೆಗೆ ಇನ್ನೊಂದನ್ನು ಸೇರಿಸಿ ಹುರಿ ಹಾಕುವುದು ನಮ್ಮ ಕೈಗಳಿಗೆ ಹುಟ್ಟಿನಿಂದ ಬಂದದ್ದು. ಒಂದು ಮಧ್ಯಾಹ್ನ ದೊಡ್ಡಪ್ಪ ಮೇನ್ ಬಂದ್ ಮಾಡಿ, ತಾಮ್ರದ ತಂತಿಗಳನ್ನು ತೊಡೆಯ ಮೇಲೆ ನೂಲಿನಂತೆಯೇ ಹೊಸೆದು ಫ್ಯೂಜಿಗೆ ಕಟ್ಟಿದ. "ಇನ್ನ ಹರೀಲಿ ನೋಡೂಣು!" ಎಂದ.

ಹರಿಯಲಿಲ್ಲ. ಮುಂದೊಂದು ದಿನ ಲಾಳಿ ಮತ್ತೆ ಸಿಕ್ಕಿಕೊಂಡಿತು. ಸ್ವಿಚ್ಚಿಗೆ ಓಡುವ ರೂಢಿ ನಮ್ಮಲ್ಲಿ ಯಾರಿಗಿತ್ತು? ಅಷ್ಟು ದಿನ ಆ ಕೆಲಸವನ್ನು ತಂತಿಯೇ ಮಾಡುತ್ತಿತ್ತಲ್ಲ. ದೊಡ್ಡಪ್ಪ ಎರಡೂ ಕೈಯಿಂದ ಲಾಳಿ ಎಳೆಯುತ್ತಿದ್ದ, ಮೋಟಾರು ತಿರುಗಲಾರದೆ ಗುಂಯ್ ಎಂದು ನರಳುತ್ತಿತ್ತು. "ಹೊಗಿ! ಹೊಗಿ!" ಎಂದು ಅಜ್ಜಿ ಕೂಗುವಷ್ಟರಲ್ಲಿ ಮೋಟಾರಿನೊಳಗಿನ ಸುರುಳಿಯ ವಾರ್ನಿಶ್ ಸುಟ್ಟ ಆ ವಾಸನೆ ಮನೆ ತುಂಬಿತ್ತು.

ಶಂಕರಪ್ಪ ಬಂದ. "ಏನ ಕಟ್ಟಿ ಹೋಗಿದ್ದಿ ನೀ?" ಎಂದು ದೊಡ್ಡಪ್ಪ ಗುಡುಗಿದ. ಶಂಕರಪ್ಪ ಫ್ಯೂಜು ಬಿಚ್ಚಿ, ಒಂದೆಳೆಯೂ ಸುಡದ ಆ ತಂತಿಯನ್ನು ಅಂಗೈಯಲ್ಲಿಟ್ಟು ನೋಡಿದ.

"ಹುರಿ ಭಾಳ ಛಲೋ ಹಾಕೀರಿ, ಯಜಮಾನ್ರ" ಎಂದ, ಮೆಲ್ಲಗೆ.

ಮೋಟಾರು ಮತ್ತೆ ಏಳಲಿಲ್ಲ, ಹೊಸದಕ್ಕೆ ದುಡ್ಡಿರಲಿಲ್ಲ. ಮಗ್ಗ ಬೇರೆಯವರ ಮನೆ ಸೇರಿತು, ದೊಡ್ಡಪ್ಪ ರಬಕವಿಯಲ್ಲಿ ಇನ್ನೊಬ್ಬರ ಮಗ್ಗಕ್ಕೆ ಕೂಲಿಗೆ ಹೋಗತೊಡಗಿದ. ಆ ಸದ್ದಿಲ್ಲದ ಮನೆಯಲ್ಲಿ ಇರುವುದೇ ಬೇಡವೆನಿಸುತ್ತಿತ್ತು. ಒಂದು ಬೆಳಗ್ಗೆ ತಡೆಯಲಾರದೆ ನಾನೇ ಅಂದೆ: "ದೊಡ್ಡಪ್ಪಾ, ಹಾಲಾಗ ನೀರು ಕಲಸ್ಯಾಳ ನೋಡು."

ಅವನು ಬಟ್ಟಲಿನತ್ತ ನೋಡಲೂ ಇಲ್ಲ. "ಇರ್ಲಿ ಬಿಡವ್ವ" ಎಂದು ಕುಡಿದುಬಿಟ್ಟ.