ಗಾಳಿಗಾಡಿಗೆ ನಾನು ಹಾಕಿದ ಗಂಟು

ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ತಿರುಗುವುದನ್ನು ನೋಡುತ್ತ ಬೆಳೆದವರಿಗೆ ಗಾಳಿಯೆಂದರೆ ಸದರ. ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ವರು ಆರಿಸಿಕೊಂಡದ್ದು ಗಾಳಿಯಿಂದಲೇ ಓಡುವ ಗಾಡಿ. ಮೂರು ಚಕ್ರ, ಕಬ್ಬಿಣದ ಪೈಪು, ನಡುವೆ ಕಂಬ, ಕಂಬಕ್ಕೆ ಹಾಯಿ. ಹಾಯಿಗೆಂದು ಭೀಮಸಮುದ್ರದ ನಮ್ಮ ಮನೆಯಿಂದ ಅಡಿಕೆ ಒಣಗಿಸುವ ಟಾರ್ಪಾಲು ತಂದವನು ನಾನು. ಅಷ್ಟಕ್ಕೇ ತಂಡದ ಯಜಮಾನನ ಹಾಗೆ ಮೆರೆಯುತ್ತಿದ್ದೆ.

ಓಡಿಸುವ ಕೆಲಸ ಯಲ್ಲದಕೆರೆಯ ಗೆಳೆಯನದು. ಕುರಿ ಸಾಕುವ ಮನೆಯವನು, ಗಟ್ಟಿ ಆಳು. ಪೊಲೀಸ್ ಕೆಲಸದ ಲಿಖಿತ ಪರೀಕ್ಷೆ ಪಾಸಾಗಿ ದೈಹಿಕ ಪರೀಕ್ಷೆಗೆ ಕಾಯುತ್ತಿದ್ದ. ದಿನಾ ಬೆಳಗ್ಗೆ ಹಾಸ್ಟೆಲ್ ಹಿಂದೆ ಕಬ್ಬಿಣದ ಗುಂಡು ಎಸೆದು ಅಭ್ಯಾಸ ಮಾಡುತ್ತಿದ್ದ. ಅವನಿಗೆ ಇಂಜಿನಿಯರಿಂಗ್‌ಗಿಂತ ಆ ಖಾಕಿಯೇ ಬೇಕಿತ್ತು.

ಆಷಾಢದ ಒಂದು ಮಧ್ಯಾಹ್ನ ಹೊಸದುರ್ಗದ ಹತ್ತಿರ ಒಣಗಿದ ಕೆರೆಯ ಅಂಗಳಕ್ಕೆ ಗಾಡಿ ಸಾಗಿಸಿದೆವು. ಗಾಳಿ ಮಿತಿಮೀರಿದರೆ ಹಾಯಿಯ ಹಗ್ಗ ಸಡಿಲಬಿಡಬೇಕು. ಗಾಡಿಗಿದ್ದ ಬ್ರೇಕು ಅದೊಂದೇ. ಎರಡು ಸುತ್ತು ಓಡಿಸುವಷ್ಟರಲ್ಲಿ ಹಗ್ಗ ಹಿಡಿದು ಅವನ ಅಂಗೈ ಚರ್ಮ ಸುಲಿದಿತ್ತು.

"ಕೈ ಉರೀತೈತಲೇ. ಎಲ್ಲಾದ್ರೂ ಕಟ್ಟಾಕಾಗ್ತೈತೇನು?" ಎಂದ.

"ಸೀಟಿನ ಹಿಂದೆ ಜಾರುಗಂಟು ಹಾಕ್ತೀನಿ. ತುದಿ ನಿನ್ ಕೈಯಾಗಿರ್ತೈತೆ, ಎಳುದ್ರೆ ಬಿಚ್ಕಂತೈತೆ" ಎಂದೆ.

ಹಾಕಿದೆ. ಆದರೆ ಹೈಸ್ಕೂಲಿನಿಂದಲೂ ಟ್ರ್ಯಾಕ್ಟರಿಗೆ ಅಡಿಕೆ ಚೀಲ ಬಿಗಿದ ಕೈ ನನ್ನದು. ನಮ್ಮಲ್ಲಿ ಲೋಡು ಕಟ್ಟುವಾಗ ಗಂಟಿನ ಮೇಲೆ ಇನ್ನೊಂದು ಸುತ್ತು ತಂದು ಬಿಗಿಯುತ್ತಾರೆ, ದಾರಿಯ ಕುಲುಕಿಗೆ ಚೀಲ ಜಾರಬಾರದೆಂದು. ಮಾತಾಡುತ್ತಲೇ ಆ ಸುತ್ತನ್ನೂ ಹಾಕಿಬಿಟ್ಟೆ. ತಿರುಗಿ ನೋಡಲಿಲ್ಲ.

ಗಾಡಿ ಹೊರಟಿತು. ನಾವು ಕೇಕೆ ಹಾಕುತ್ತ ಹಿಂದೆ ಓಡಿದೆವು. ಒಮ್ಮೆಲೇ ಗಾಳಿ ಎದ್ದಿತು. ಅವನು ತುದಿ ಎಳೆಯುವುದು ದೂರದಿಂದಲೇ ಕಾಣುತ್ತಿತ್ತು, ಒಂದು ಸಲ, ಎರಡು ಸಲ, ಆಮೇಲೆ ಎರಡೂ ಕೈಯಲ್ಲಿ. ಒಂದು ಚಕ್ರ ನೆಲಬಿಟ್ಟು ಎದ್ದು, ಗಾಡಿ ಮಗುಚಿತು. ಅವನ ಬಲಗೈ ಪೈಪಿನಡಿ ಸಿಕ್ಕಿತ್ತು.

ಉಳಿದಿಬ್ಬರು ಅವನನ್ನು ಎತ್ತುತ್ತಿದ್ದರು. ನಾನು ಮೊದಲು ಮಾಡಿದ ಕೆಲಸ, ಯಾರ ಕಣ್ಣಿಗೂ ಬೀಳುವ ಮುನ್ನ ಆ ಗಂಟು ಬಿಚ್ಚಿದ್ದು. ಬೆರಳಿಗೆ ಬಗ್ಗಲಿಲ್ಲ, ಹಲ್ಲು ಹಚ್ಚಿ ಬಿಚ್ಚಿದೆ. ಆಮೇಲೆ ಅವನ ಹತ್ತಿರ ಹೋದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮುರಿದ ಮೊಣಕೈ ಮೂಳೆ ಕೂಡಿತು, ಕೈ ಮಾತ್ರ ಪೂರ್ತಿ ಚಾಚಲು ಬರಲಿಲ್ಲ. ದೈಹಿಕ ಪರೀಕ್ಷೆಯಲ್ಲಿ ಅವನೆಸೆದ ಗುಂಡು ಗೆರೆ ಮುಟ್ಟಲಿಲ್ಲ. ಪ್ರಾಜೆಕ್ಟಿನ ವರದಿಯಲ್ಲಿ ಗಾಡಿ ಮಗುಚಿದ್ದಕ್ಕೆ ಅನಿರೀಕ್ಷಿತ ಗಾಳಿ ಕಾರಣವೆಂದು ನಾನೇ ಬರೆದೆ. ಒಳ್ಳೆಯ ಅಂಕ ಬಂತು.

ಈಗ ಅವನು ಹಿರಿಯೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹೋದ ತಿಂಗಳು ಎಲ್ಲ ಹೇಳಿಬಿಡಬೇಕೆಂದೇ ಅಲ್ಲಿಗೆ ಹೋದೆ. ಸ್ಟೂಲು ಒರೆಸಿ ಕೂರಿಸಿದ, ಟೀ ತರಿಸಿದ. ನಾನು ಬಾಯಿ ತೆರೆಯುವ ಮೊದಲೇ ಅವನೇ ಶುರುಮಾಡಿದ.

"ಅವತ್ತು ಗಾಬ್ರಿಯಾಗೆ ಯಾವ್ ತುದಿ ಎಳುದ್ನೋ ಏನೋ ಕಣಲೇ. ಅಷ್ಟ್ ಕಷ್ಟಪಟ್ಟು ಮಾಡಿದ್ ಗಾಡಿ, ಹಾಳ್ ಮಾಡ್ಬಿಟ್ಟೆ. ನಿಂಗೆ ಒಂದ್ ಮಾತ್ ಹೇಳ್ಬೇಕು ಅಂತ ಎಷ್ಟ್ ದಿನದಿಂದ ಅಂದ್ಕಂತಿದ್ದೆ. ಬೇಜಾರ್ ಮಾಡ್ಕಬ್ಯಾಡ."

ಆಗ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಇರ್ಲಿ ಬಿಡಲೇ" ಎಂದೆ, "ತಪ್ಪು ಯಾರ್ ಮಾಡಲ್ಲ?"

ಅವನ ಮುಖ ಹಗುರಾಯಿತು. ಇನ್ನೊಂದು ಟೀ ಹೇಳಿದ.